ಲ್ಯಾಬ್ ಸಿದ್ಧತೆಯೂ ಪಾಠದ ಸಿದ್ಧತೆಯೇ

ಗಣಿತದ ಪಾಠಯೋಜನೆಯಲ್ಲಿ 'ಬೋಧನೋಪಕರಣ: ಜಿಯೋಜೀಬ್ರಾ' ಎಂದು ಬರೆಯುವುದು ಸುಲಭ. ಆ ತಂತ್ರಾಂಶ ನಾವು ಬೋಧನಾಭ್ಯಾಸಕ್ಕೆ ಹೋಗುವ ಕೊಳ್ಳೇಗಾಲ, ಹನೂರು, ಯಳಂದೂರಿನ ಶಾಲೆಗಳ ಕಂಪ್ಯೂಟರ್‌ಗಳಲ್ಲಿ ಇದೆಯೇ, ಇಲ್ಲದಿದ್ದರೆ ಯಾರು ಯಾವಾಗ ಹಾಕಬೇಕು ಎಂಬುದಕ್ಕೆ ಯೋಜನೆಯಲ್ಲಿ ಜಾಗವೇ ಇಲ್ಲ.

ಲ್ಯಾಬಿನಲ್ಲಿ 10 ಕಂಪ್ಯೂಟರ್ ಇವೆ ಎಂದುಕೊಳ್ಳಿ. ಒಂದೊಂದರ ಮುಂದೆಯೂ ಕುಳಿತು 'ನೆಕ್ಸ್ಟ್', 'ಐ ಅಗ್ರೀ', 'ಫಿನಿಶ್' ಒತ್ತಲು 4 ನಿಮಿಷ ಹಿಡಿದರೆ ಒಟ್ಟು 40 ನಿಮಿಷ. ಅಲ್ಲಿಗೆ ಒಂದು ಅವಧಿ ಮುಗಿಯಿತು. ಸ್ಪರ್ಶಕವು ತ್ರಿಜ್ಯಕ್ಕೆ ಲಂಬ ಎಂಬುದನ್ನು ಮಕ್ಕಳು ತಾವೇ ಬಿಂದುವನ್ನು ಎಳೆದು ಕಂಡುಕೊಳ್ಳಬೇಕಾದ ಅವಧಿ ಅದು. ಕೊನೆಗೆ ಒಂದೇ ಪರದೆಯಲ್ಲಿ ನಾವು ತೋರಿಸುತ್ತೇವೆ, ಅವರು ನೋಡುತ್ತಾರೆ. ಹಾಗಾದರೆ ಕಪ್ಪುಹಲಗೆಯೇ ಸಾಕಿತ್ತಲ್ಲ?

ಇದಕ್ಕೆ ದಾರಿಯಿದೆ. ಅದು ಸೈಲೆಂಟ್ ಇನ್‌ಸ್ಟಾಲೇಶನ್, ಅಂದರೆ ಪ್ರಶ್ನೆ ಕೇಳದೆ ತಂತ್ರಾಂಶ ತಾನೇ ಕೂರುವಂತೆ ಒಂದು ಸಾಲಿನ ಆದೇಶ ಕೊಡುವುದು. ಜಿಯೋಜೀಬ್ರಾ ಇಂಥ ಬಳಕೆಗೆಂದೇ ವಿಂಡೋಸ್‌ಗೆ ಎಂಎಸ್‌ಐ ಕಡತ ಕೊಡುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ 'ಎಂಎಸ್‌ಐಎಕ್ಸೆಕ್', 'ಸ್ಲ್ಯಾಶ್ ಐ', ಕಡತದ ಹೆಸರು, ನಂತರ 'ಸ್ಲ್ಯಾಶ್ ಕ್ಯೂಎನ್', 'ಸ್ಲ್ಯಾಶ್ ನೋರಿಸ್ಟಾರ್ಟ್' ಎಂದು ಕೊಡಬೇಕು. ಕ್ಯೂಎನ್ ಇದ್ದರೆ ಯಾವ ಕಿಟಕಿಯೂ ತೆರೆಯದು, ನೋರಿಸ್ಟಾರ್ಟ್ ಇದ್ದರೆ ಕಂಪ್ಯೂಟರ್ ತಾನಾಗಿ ರಿಸ್ಟಾರ್ಟ್ ಆಗದು. ಈ ಸಾಲನ್ನು ಬ್ಯಾಚ್ ಕಡತವಾಗಿ ಉಳಿಸಿಕೊಂಡರೆ ಒಂದರಲ್ಲಿ ಚಾಲೂ ಮಾಡಿ ಮುಂದಿನದಕ್ಕೆ ಹೋಗಬಹುದು. ಉಬುಂಟುವಿನಲ್ಲಿ 'ಸುಡೋ ಆಪ್ಟ್ ಇನ್‌ಸ್ಟಾಲ್' ಆದೇಶಕ್ಕೆ 'ಹೈಫನ್ ವೈ' ಸೇರಿಸಿದರೆ 'ಹೌದೇ, ಅಲ್ಲವೇ' ಎಂದು ಅದು ಕೇಳುವುದಿಲ್ಲ. ಆದರೆ ಅದಕ್ಕೆ ಸಾಮಾನ್ಯವಾಗಿ ಇಂಟರ್‌ನೆಟ್ ಬೇಕು. ಬೆಟ್ಟದ ಮಗ್ಗುಲಿನ ಊರುಗಳಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವುದಕ್ಕಿಂತ ಕಡತಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯುವುದೇ ಮೇಲು.

'ನಾವು ಶಿಕ್ಷಕರು, ಟೆಕ್ನಿಶಿಯನ್ ಅಲ್ಲ' ಎಂಬ ಆಕ್ಷೇಪ ಬರಬಹುದು. ರಸಾಯನಶಾಸ್ತ್ರದ ಶಿಕ್ಷಕರು ತರಗತಿಗೆ ಮುಂಚೆ ಆಮ್ಲವನ್ನು ದುರ್ಬಲಗೊಳಿಸಿ ಪ್ರನಾಳಗಳನ್ನು ಜೋಡಿಸಿಡುತ್ತಾರೆ. ಅದನ್ನು ಯಾರೂ ಪಾಠದ ಹೊರಗಿನ ಕೆಲಸ ಎನ್ನುವುದಿಲ್ಲ.

ಎಚ್ಚರ ಬೇಕಾದದ್ದು ಬೇರೆ ಕಡೆ. ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತಾರೆ. ಇಲ್ಲಿ ಅದು ಅಕ್ಷರಶಃ ನಿಜ. ಸೈಲೆಂಟ್ ಆದೇಶ ಕೊಟ್ಟರೆ ಎಲ್ಲ ಷರತ್ತುಗಳಿಗೂ ಶಾಲೆಯ ಪರವಾಗಿ ನಾವೇ ಒಪ್ಪಿದಂತೆ. ಆದ್ದರಿಂದ ಮೊದಲು ಕಾಲೇಜಿನ ಒಂದು ಕಂಪ್ಯೂಟರಿನಲ್ಲಿ ಕೈಯಾರೆ ಹಾಕಿ, ಷರತ್ತುಗಳನ್ನು ಓದಬೇಕು. ಜಿಯೋಜೀಬ್ರಾ ಉಚಿತವಾಗಿರುವುದು ವಾಣಿಜ್ಯೇತರ ಬಳಕೆಗೆ ಎಂಬುದೂ ಆಗಲೇ ತಿಳಿಯುತ್ತದೆ. ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಅನುಮತಿ ಪಡೆದೇ ಮುಟ್ಟಬೇಕು. ನಾವು ಅಲ್ಲಿ ಅತಿಥಿಗಳು. ವಿಫಲವಾದರೂ ಅದು ಮೌನವಾಗಿಯೇ ಇರುತ್ತದೆ. ಹಾಗಾಗಿ 'ಎರರ್‌ಲೆವೆಲ್' ಸಂಖ್ಯೆ ನೋಡಬೇಕು: 0 ಬಂದರೆ ಸರಿಯಾಗಿದೆ, 3010 ಬಂದರೆ ಒಮ್ಮೆ ರಿಸ್ಟಾರ್ಟ್ ಮಾಡಬೇಕು, 1603 ಬಂದರೆ ಕೆಲಸ ಕೆಟ್ಟಿದೆ.

ಎನ್‌ಸಿಟಿಇ 2014ರಲ್ಲಿ ರೂಪಿಸಿದ ಎರಡು ವರ್ಷದ ಬಿ.ಇಡಿ. ಪಠ್ಯಕ್ರಮ ಚೌಕಟ್ಟಿನಲ್ಲಿ ಐಸಿಟಿಯ ವಿಮರ್ಶಾತ್ಮಕ ತಿಳಿವಳಿಕೆಗೇ ಒಂದು ಕೋರ್ಸ್ ಇದೆ. ಸ್ಲೈಡ್ ತಯಾರಿಕೆಗೆ ಕೊಡುವ ಸಮಯದಲ್ಲಿ ಎರಡು ಗಂಟೆಯನ್ನು ಇದಕ್ಕೆ ಕೊಡಬಹುದು. ಪಾಠ ವೀಕ್ಷಣಾ ಪತ್ರದಲ್ಲಿ 'ಲ್ಯಾಬ್ ಸಿದ್ಧತೆ' ಎಂಬ ಒಂದು ಅಂಶವನ್ನೂ ನಮ್ಮ ಉಪನ್ಯಾಸಕರು ಸೇರಿಸಲಿ. ಬೋಧನಾಭ್ಯಾಸ ಮುಗಿಸಿ ಬರುವಾಗ ಆ ಒಂದು ಸಾಲಿನ ಆದೇಶವನ್ನು ಹಾಳೆಯಲ್ಲಿ ಬರೆದು, ಅನುಮತಿ ಕೇಳಿ ಲ್ಯಾಬಿನ ಗೋಡೆಗೆ ಅಂಟಿಸೋಣ. ನಮ್ಮ ಚಾರ್ಟುಗಳನ್ನು ನಾವು ವಾಪಸ್ ತರುತ್ತೇವೆ. ಆ ಹಾಳೆಯಾದರೂ ಅಲ್ಲಿನ ಶಿಕ್ಷಕರಿಗೆ ಉಳಿಯಲಿ.