ಬೈಸಿಕಲ್ಲೂ ಮೀಸೆಯ ಮಣ್ಣೂ

ಸಂಸ್ಕೃತದಲ್ಲಿ ‘ಸ್ಖಲನ’ವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ನಡೆಯುವಾಗ ಕಾಲು ಜಾರುವುದು ಒಂದು. ಮಾತಿನಲ್ಲಾಗಲಿ ಕೆಲಸದಲ್ಲಾಗಲಿ ತಪ್ಪುವುದು ಇನ್ನೊಂದು. ಈ ಎರಡು ಅರ್ಥಗಳೂ ಏಕಕಾಲದಲ್ಲಿ, ಅದೂ ನಡುಬೀದಿಯಲ್ಲಿ, ಹತ್ತು ಮಂದಿ ನೋಡುತ್ತಿರುವಾಗಲೇ ಸಾರ್ಥಕವಾಗಬೇಕಾದರೆ ಮನುಷ್ಯನು ಬೈಸಿಕಲ್ಲನ್ನು ಹತ್ತಬೇಕು. ಕುದುರೆಯಿಂದ ಬಿದ್ದವನು ಕುದುರೆಯನ್ನು ದೂರಬಹುದು. ಗಾಡಿಯಿಂದ ಬಿದ್ದವನು ಎತ್ತುಗಳನ್ನು ಬಯ್ಯಬಹುದು. ಬೈಸಿಕಲ್ಲಿನಿಂದ ಬಿದ್ದವನಿಗೆ ಆ ಸೌಕರ್ಯವಿಲ್ಲ. ಸವಾರನೂ ಅವನೇ, ಎಳೆಯುವ ಪ್ರಾಣಿಯೂ ಅವನೇ. ಅನೇಕ ವೇಳೆ ಹಿಂದಿನ ದಿನ ನಟ್ಟು ಬಿಗಿದ ರಿಪೇರಿಯವನೂ ಅವನೇ. ಆದುದರಿಂದಲೇ ಬಿದ್ದವನು ಮೊದಲು ತನ್ನ ಮೊಣಕಾಲನ್ನು ನೋಡಿಕೊಳ್ಳುವುದಿಲ್ಲ. ಯಾರಾದರೂ ಕಂಡರೇನೋ ಎಂದು ಸುತ್ತಲೂ ಕಣ್ಣು ಹಾಯಿಸುತ್ತಾನೆ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ತಿಳಿದದ್ದು. ಬೈಸಿಕಲ್ಲಿನ ಸವಾರಿಯಲ್ಲಿಯೂ ರಿಪೇರಿಯಲ್ಲಿಯೂ ಸಂಭವಿಸುವ ಕೆಲವು ನಗೆಗೇಡಿನ ತಪ್ಪುಗಳನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದಿದ್ದೇನೆ. ಅವುಗಳಲ್ಲಿ ಬಹುಪಾಲು ತಪ್ಪುಗಳಿಂದ ಪ್ರಾಣಕ್ಕೆ ಹಾನಿಯಿಲ್ಲ. ಹಾನಿಯು ಬರುವುದು ಮೀಸೆಯ ಮಣ್ಣನ್ನು ಒರಸಿಕೊಂಡು ಏನೂ ಆಗಲಿಲ್ಲವೆಂದು ಹೇಳುವಾಗ. ಮನೆಯಲ್ಲಿ ಮಕ್ಕಳುಳ್ಳ ಗೃಹಸ್ಥರು ಈ ವಿಷಯವನ್ನು ಸ್ವಲ್ಪ ಆಲೋಚಿಸತಕ್ಕದ್ದು.

ಮೊದಲು ಸವಾರಿಯನ್ನೇ ತೆಗೆದುಕೊಳ್ಳೋಣ. ೧೮೧೭ರಲ್ಲಿ ಜರ್ಮನ್ ದೇಶದ ಮ್ಯಾನ್‌ಹೈಮ್ ನಗರದಲ್ಲಿ ಕಾರ್ಲ್ ಡ್ರೈಸ್ ಎಂಬಾತನು ಒಂದರ ಹಿಂದೊಂದು ಎರಡು ಚಕ್ರಗಳುಳ್ಳ ಮರದ ವಾಹನವನ್ನು ಓಡಿಸಿ ತೋರಿಸಿದನು. ಅದಕ್ಕೆ ಪೆಡಲುಗಳಿರಲಿಲ್ಲ, ಕಾಲಿನಿಂದ ನೆಲವನ್ನು ಒದ್ದುಕೊಂಡು ಹೋಗಬೇಕಾಗಿತ್ತು. ಅಂದಿನಿಂದ ಇಂದಿನವರೆಗೆ ಹೊಸಬನು ಮಾಡುವ ತಪ್ಪು ಒಂದೇ. ಗಾಡಿ ಎಡಕ್ಕೆ ವಾಲಿದೊಡನೆ ಅವನು ಹ್ಯಾಂಡಲನ್ನು ಬಲಕ್ಕೆ ತಿರುಗಿಸುತ್ತಾನೆ. ಆ ಕ್ಷಣವೇ ಬೀಳುತ್ತಾನೆ. ಬೀಳುವ ಕಡೆಗೇ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿದರೆ ಚಕ್ರಗಳು ದೇಹಭಾರದ ಕೆಳಕ್ಕೆ ಬಂದು ಗಾಡಿ ಎದ್ದು ನಿಲ್ಲುತ್ತದೆ. ಬುದ್ಧಿಗೆ ಇದು ವಿಪರೀತವಾಗಿ ತೋರುವುದರಿಂದ ಹೇಳಿ ಕಲಿಸುವುದು ಕಷ್ಟ, ಬಿದ್ದೇ ಕಲಿಯಬೇಕು. ನಡೆಯುವವನು ಎಡವದೆ ಕುಳಿತವನು ಎಡವುತ್ತಾನೆಯೆ?

ಮಕ್ಕಳು ಹೀಗೆ ಬೀಳುವುದಕ್ಕೆ ಅಂಜುವುದಿಲ್ಲ, ಅಂಜುವವರು ದೊಡ್ಡವರು. ಮೂವತ್ತು ವರ್ಷ ದಾಟಿದ ಮೇಲೆ ಕಲಿಯುವುದು ಅಗೌರವವೆಂದು ಅನೇಕರು ತಿಳಿದಿದ್ದಾರೆ. ರಷ್ಯಾದೇಶದ ಮಹಾಲೇಖಕ ಟಾಲ್‌ಸ್ಟಾಯ್ ೧೮೯೫ರಲ್ಲಿ, ೬೭ರ ಸುಮಾರಿನ ವಯಸ್ಸಿನಲ್ಲಿ, ಬೈಸಿಕಲ್ ಸವಾರಿಯನ್ನು ಕಲಿತನು. ಆ ವರ್ಷದ ಆರಂಭದಲ್ಲಿಯೇ ಅವನ ಕಿರಿಯ ಮಗನು ತೀರಿಕೊಂಡಿದ್ದನು. ಜಗದ್ವಿಖ್ಯಾತನಾದ ನರೆಗಡ್ಡದ ವೃದ್ಧನು ಎರಡು ಚಕ್ರಗಳ ಮೇಲೆ ತೂರಾಡುವುದನ್ನು ಕಂಡು ಮಾಸ್ಕೋದ ಜನರು ಏನೆಂದುಕೊಳ್ಳುವರೋ ಎಂದು ಅವನು ಹಿಂಜರಿಯಲಿಲ್ಲ. ಅಮೆರಿಕದಲ್ಲಿ ಪಾನನಿರೋಧ ಚಳವಳಿಯ ಮುಂದಾಳಾಗಿದ್ದ ಫ್ರಾನ್ಸಿಸ್ ವಿಲ್ಲರ್ಡ್ ಎಂಬ ಮಹಿಳೆಯು ತನ್ನ ೫೩ನೆಯ ವಯಸ್ಸಿನಲ್ಲಿ ಕಲಿತು, ಆ ಅನುಭವವನ್ನೇ ೧೮೯೫ರಲ್ಲಿ ಒಂದು ಸಣ್ಣ ಪುಸ್ತಕವಾಗಿ ಪ್ರಕಟಿಸಿದಳು. ನಮ್ಮ ಮನೆಗಳ ಸೊಸೆಯಂದಿರೂ ಅತ್ತೆಯರೂ ಈ ಎರಡು ನಿದರ್ಶನಗಳನ್ನು ನೆನಪಿನಲ್ಲಿಡಬಹುದು.

ಸವಾರಿ ಬಂದವರಿಗೂ ತಪ್ಪುಗಳು ತಪ್ಪಿದ್ದಲ್ಲ. ಪಂಚೆಯ ಅಂಚನ್ನೋ ಸೀರೆಯ ಸೆರಗನ್ನೋ ಚೈನಿನ ಬಾಯಿಗೆ ಕೊಟ್ಟು, ಬೀದಿಯಲ್ಲಿ ನಿಂತು ಹಲ್ಲುಚಕ್ರವನ್ನು ಹಿಂದಕ್ಕೆ ತಿರುಗಿಸುತ್ತ ವಸ್ತ್ರವನ್ನು ಬಿಡಿಸಿಕೊಳ್ಳುವುದು ಮೊದಲನೆಯದು. ಪಕ್ಕದ ಸ್ಟ್ಯಾಂಡನ್ನು ಮಡಚದೆ ಹೊರಡುವುದು ಎರಡನೆಯದು. ನೇರವಾದ ದಾರಿಯಲ್ಲಿ ಅದು ಸುಮ್ಮನಿದ್ದು, ಎಡಕ್ಕೆ ತಿರುಗುವಾಗ ನೆಲಕ್ಕೆ ತಾಗಿ ಸವಾರನನ್ನು ಎತ್ತಿಹಾಕುತ್ತದೆ. ಮೂರನೆಯದು ನಗುವ ವಿಷಯವಲ್ಲ. ಕ್ಯಾರಿಯರಿನ ಮೇಲೆ ಕುಳ್ಳಿರಿಸಿದ ಚಿಕ್ಕ ಮಗುವಿನ ಪಾದವು ಚಕ್ರದ ಕಡ್ಡಿಗಳ ನಡುವೆ ಸಿಕ್ಕುವುದು. ಕಡ್ಡಿಗಳಿಗೆ ಅಡ್ಡವಾಗಿ ಬಲೆಯನ್ನೋ ತಗಡನ್ನೋ ಕಟ್ಟಿ, ಪಾದವಿಡಲು ಆಸರೆಯನ್ನು ಮಾಡದೆ ಮಗುವನ್ನು ಹಿಂದೆ ಕೂಡಿಸಲೇಕೂಡದು.

ಇನ್ನು ರಿಪೇರಿಯ ಮಾತು. ೨೦೦೬-೦೭ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ಲುಗಳನ್ನು ಕೊಡುವ ಯೋಜನೆಯನ್ನು ಆರಂಭಿಸಿದ ಮೇಲೆ, ಅದುವರೆಗೆ ಬೈಸಿಕಲ್ಲನ್ನು ಕಾಣದಿದ್ದ ಎಷ್ಟೋ ಹಳ್ಳಿಯ ಮನೆಗಳಿಗೂ ಅದು ಬಂದಿತು. ಹತ್ತಿರದಲ್ಲಿ ಸೈಕಲ್ ಷಾಪು ಇಲ್ಲದೆಡೆ ಸ್ಪ್ಯಾನರು ಹಿಡಿಯುವವರು ಮಕ್ಕಳೇ. ಅವರ ತಪ್ಪುಗಳಲ್ಲಿ ಅತ್ಯಂತ ಸಾಮಾನ್ಯವಾದುದು ಪಂಕ್ಚರಿನದು. ಗಾಳಿ ಇಳಿದೊಡನೆ ಟಯರನ್ನು ಬಿಚ್ಚಿ, ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಮುಳುಗಿಸಿ, ಗುಳ್ಳೆಗಾಗಿ ಅರ್ಧಗಂಟೆ ಹುಡುಕುತ್ತಾರೆ, ಗುಳ್ಳೆ ಬರುವುದಿಲ್ಲ. ಹಳೆಯ ಮಾದರಿಯ ವಾಲ್ವಿನೊಳಗೆ ಒಂದು ಸಣ್ಣ ರಬ್ಬರು ಕೊಳವೆಯಿರುತ್ತದೆ. ವಾಲ್ವ್ ಟ್ಯೂಬೆಂದು ಅದರ ಹೆಸರು. ಅದು ಬಿರುಕು ಬಿಟ್ಟರೂ ಗಾಳಿ ಇಳಿಯುತ್ತದೆ. ವಾಲ್ವಿನ ಬಾಯಿಗೆ ಒಂದು ಹನಿ ನೀರು ಬಿಟ್ಟು ನೋಡಿದ್ದರೆ ಅಷ್ಟೂ ಶ್ರಮ ಉಳಿಯುತ್ತಿತ್ತು. ನಿಜವಾದ ಪಂಕ್ಚರಾಗಿದ್ದರೆ, ಟ್ಯೂಬಿಗೆ ಪ್ಯಾಚು ಹಾಕಿ, ಟಯರಿನಲ್ಲಿ ನಾಟಿಕೊಂಡಿರುವ ಜಾಲಿಮುಳ್ಳನ್ನು ಹಾಗೆಯೇ ಬಿಟ್ಟು, ಊರ ಬಾಗಿಲಿಗೆ ಹೋಗುವಷ್ಟರಲ್ಲಿ ಎರಡನೆಯ ಪಂಕ್ಚರನ್ನು ಸಂಪಾದಿಸುವವರೂ ಉಂಟು. ಪ್ಯಾಚು ಹಾಕಿದ ಮೇಲೆ ಟಯರಿನ ಒಳಮೈಯನ್ನು ಬೆರಳಿನಿಂದ ಜೋಪಾನವಾಗಿ ಸವರಿ ನೋಡತಕ್ಕದ್ದು.

ಪೆಡಲಿನ ತಪ್ಪು ಬಲಶಾಲಿಗಳದು. ಲೋಕದ ತಿರುಪುಗಳೆಲ್ಲ ಸಾಮಾನ್ಯವಾಗಿ ಬಲಕ್ಕೆ ತಿರುಗಿಸಿದರೆ ಬಿಗಿಯುತ್ತವೆ. ಬೈಸಿಕಲ್ಲಿನ ಎಡಪೆಡಲು ಮಾತ್ರ ವಾಮಗತಿಯದು. ಎಡಕ್ಕೆ ತಿರುಗಿಸಿದರೆ ಬಿಗಿ. ಎರಡೂ ಪೆಡಲುಗಳಿಗೆ ಒಂದೇ ಬಗೆಯ ತಿರುಪನ್ನಿಟ್ಟರೆ, ತುಳಿಯುತ್ತ ತುಳಿಯುತ್ತ ಎಡಗಡೆಯದು ತಾನಾಗಿ ಸಡಿಲಿ ಬಿದ್ದುಹೋಗುವುದೆಂದು ಈ ವ್ಯವಸ್ಥೆ. ಮುಂದೆ ೧೯೦೩ರಲ್ಲಿ ವಿಮಾನವನ್ನು ಹಾರಿಸಿದ ರೈಟ್ ಸೋದರರು ಅಮೆರಿಕದ ಡೇಟನ್ ನಗರದಲ್ಲಿ ಬೈಸಿಕಲ್ಲಿನ ಕಸಬಿನವರಾಗಿದ್ದರು. ೧೯೦೦ರ ಸುಮಾರಿಗೆ ತಮ್ಮ ಬೈಸಿಕಲ್ಲುಗಳಲ್ಲಿ ಈ ಕ್ರಮವನ್ನು ಅಳವಡಿಸಿದ್ದರು. ಇದನ್ನರಿಯದವನು ಎಡಪೆಡಲನ್ನು ಬಿಚ್ಚಲು ಸ್ಪ್ಯಾನರಿನ ಮೇಲೆ ಹತ್ತಿ ನಿಂತು ಅದನ್ನು ಇನ್ನಷ್ಟು ಬಿಗಿಯುತ್ತಾನೆ. ಇಲ್ಲವೆ ಬಲಗಡೆಯ ಪೆಡಲನ್ನು ಎಡಗಡೆಗೆ ಬಲಾತ್ಕಾರವಾಗಿ ತೂರಿಸಿ ತಿರುಪಿನ ಸುತ್ತುಗಳನ್ನೆಲ್ಲ ಅರೆದುಬಿಡುತ್ತಾನೆ. ಪೆಡಲಿನ ಕಡ್ಡಿಯ ತುದಿಯಲ್ಲಿ ಎಡಕ್ಕೆ ‘ಎಲ್’ ಎಂದೂ ಬಲಕ್ಕೆ ‘ಆರ್’ ಎಂದೂ ಸಾಮಾನ್ಯವಾಗಿ ಅಕ್ಷರ ಕೊರೆದಿರುತ್ತದೆ. ಸ್ಪ್ಯಾನರಿನ ಹಿಡಿ ಮೇಲಕ್ಕಿರುವಂತೆ ಹಿಡಿದು, ಗಾಡಿಯ ಮುಂಗಡೆಗೆ ಬಾಗಿಸಿದರೆ ಎರಡೂ ಪೆಡಲು ಬಿಗಿಯುತ್ತವೆ, ಹಿಂಗಡೆಗೆ ಬಾಗಿಸಿದರೆ ಸಡಿಲುತ್ತವೆ. ಇಷ್ಟನ್ನು ಬಾಯಿಪಾಠ ಮಾಡಿಕೊಂಡರೆ ಸಾಕು.

ಮುಂದಿನ ಚಕ್ರವನ್ನು ಹಿಡಿದಿರುವ ಕವೆಯನ್ನು ಹಿಂದುಮುಂದಾಗಿ ಕೂಡಿಸುವವರು ಇದ್ದಾರೆ. ಕವೆಯ ಬಾಗು ಮುಂದಕ್ಕೆ ನೋಡುತ್ತಿರಬೇಕು. ತಿರುಗಿಕೊಂಡಿದ್ದರೆ ಚಕ್ರವು ಕಾಲಿನ ಸಮೀಪಕ್ಕೆ ಬಂದು, ತಿರುವಿನಲ್ಲಿ ಬೆರಳು ಮಡ್‌ಗಾರ್ಡಿಗೆ ಬಡಿಯುತ್ತದೆ. ಚೈನಿನ ಕೂಡುಕೊಂಡಿಗೆ ಹಾಕುವ ಕ್ಲಿಪ್ಪಿನ ಮುಚ್ಚಿದ ತುದಿಯು ಚೈನು ಓಡುವ ದಿಕ್ಕಿಗಿರಬೇಕು. ಬಾಯ್ದೆರೆದ ತುದಿ ಮುಂದಿದ್ದರೆ ಎಲ್ಲಿಯಾದರೂ ತಗುಲಿ ಕಳಚಿಕೊಂಡೀತು. ಇನ್ನು ಗುಂಡುಗಳ ಕಥೆ. ಚಕ್ರದ ನಡುವಣ ಗುಂಬವನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಪುನಃ ಜೋಡಿಸಿ ಎದ್ದು ನೋಡಿದರೆ ನೆಲದ ಮೇಲೆ ಎರಡು ಉಕ್ಕಿನ ಗುಂಡುಗಳು ಹೊಳೆಯುತ್ತಿರುತ್ತವೆ. ಹಳೆಯ ಮಾದರಿಯ ಹಿಂಚಕ್ರಕ್ಕೆ ಸಾಮಾನ್ಯವಾಗಿ ಒಂದೊಂದು ಪಕ್ಕಕ್ಕೂ ೯ ಗುಂಡುಗಳು, ಮುಂಚಕ್ರಕ್ಕೆ ೧೦. ಬಿಚ್ಚುವಾಗಲೇ ಎಣಿಸಿ ಬಟ್ಟಲಿಗೆ ಹಾಕದವನು ಅವನ್ನು ಮೆಲ್ಲಗೆ ಜೇಬಿಗೆ ಸೇರಿಸಿ, ಗಾಡಿ ಮೊದಲಿಗಿಂತ ಹಗುರವಾಗಿ ಓಡುತ್ತಿದೆಯೆಂದು ಹೇಳಿಕೊಳ್ಳುತ್ತಾನೆ.

ಆ ಜೇಬಿನ ಗುಂಡುಗಳಿಂದ ಏನಾದೀತೆಂಬುದಕ್ಕೆ, ನಮ್ಮ ಬೀದಿಯ ಒಂದು ಮನೆಯಲ್ಲಿ ನಡೆದ ಸಂಗತಿಯನ್ನು ಹೇಳುತ್ತೇನೆ. ಮನೆಯ ಯಜಮಾನರು ಸಂಭಾವಿತರು, ವಿನೋದಪ್ರಿಯರು. ಹದಿನಾಲ್ಕು ವರ್ಷದ ಮಗನಿಗೆ ಯಂತ್ರಗಳಲ್ಲಿ ಬಹಳ ಆಸಕ್ತಿ. ಒಂದು ದಿನ ಅವನು ಚಕ್ರವನ್ನು ಬಿಚ್ಚಿ ಜೋಡಿಸಿ, ಉಳಿದ ಗುಂಡುಗಳನ್ನು ತಂದೆಯ ಕೈಗೆ ತಂದುಕೊಟ್ಟನು. ಅಂದು ನೆಂಟರು ಬಂದಿದ್ದರು. ತಂದೆಯು ಗುಂಡುಗಳನ್ನು ಎಲ್ಲರಿಗೂ ತೋರಿಸಿ, “ನಮ್ಮ ಇಂಜಿನಿಯರ್ ಸಾಹೇಬರು ಸಾಮಾನು ಉಳಿತಾಯ ಮಾಡಿದ್ದಾರೆ” ಎಂದರು. ಎಲ್ಲರೂ ನಕ್ಕರು. ಹುಡುಗನೂ ನಕ್ಕನು.

ಒಂದು ತಿಂಗಳಿಗೆ ಮಹಾನವಮಿ ಬಂದಿತು. ಆಯುಧಪೂಜೆಗೆಂದು ಹುಡುಗನು ಬೈಸಿಕಲ್ಲನ್ನು ತೊಳೆದು, ಕಡ್ಡಿಕಡ್ಡಿಯನ್ನೂ ಒರಸಿ, ಚಕ್ರದ ರಿಮ್ಮುಗಳು ಹೊಳೆಯಲೆಂದು ಅವಕ್ಕೆ ಎಣ್ಣೆಯನ್ನು ಸವರಿ ಉಜ್ಜಿದನು. ಅರಿಸಿನ ಕುಂಕುಮ ಹೂಮಾಲೆಗಳೊಡನೆ ಅದು ಮದುವಣಿಗನಂತೆ ಕಾಣುತ್ತಿತ್ತು. ಸಂಜೆ ಬೀದಿಯಲ್ಲಿ ಒಂದು ಸುತ್ತು ಹೋಗಿ ಬ್ರೇಕು ಒತ್ತಿದಾಗ ಅದು ಹಿಡಿಯದೆ ಜಾರಿತು. ಬ್ರೇಕಿನ ರಬ್ಬರು ಹಿಡಿಯುವುದು ರಿಮ್ಮನ್ನೇ ಎಂಬುದು ಅವನಿಗೆ ಆಗ ಹೊಳೆಯಿತು. ಹೇಳಿದರೆ ಮತ್ತೆ ‘ಇಂಜಿನಿಯರ್ ಸಾಹೇಬ’ನಾಗಬೇಕು, ಬೆಳಿಗ್ಗೆ ಯಾರಿಗೂ ಕಾಣದಂತೆ ಒರಸಿದರಾಯಿತೆಂದು ಮಲಗಿದನು. ಬೆಳಿಗ್ಗೆ ಅವನು ಏಳುವುದರೊಳಗೆ ತಂದೆಯು ಐದು ವರ್ಷದ ಮಗಳನ್ನು ಹಿಂದೆ ಕೂಡಿಸಿಕೊಂಡು ದೇವಸ್ಥಾನಕ್ಕೆ ಹೊರಟಿದ್ದರು. ಕೆರೆಯ ಏರಿಯ ಇಳಿಜಾರಿನಲ್ಲಿ ಎರಡು ಬ್ರೇಕುಗಳೂ ಹಿಡಿಯಲಿಲ್ಲ. ಎದುರಿಗೆ ಗಾಡಿ ಬರುತ್ತಿತ್ತು. ಅವರು ಬೇಲಿಯ ಕಡೆಗೆ ತಿರುಗಿಸಿ, ತಾವು ಕೆಳಗಾಗಿ ಮಗುವನ್ನು ಮೇಲಾಗಿ ಹಿಡಿದು ಬಿದ್ದರು. ಮಗುವಿಗೆ ತರಚು ಗಾಯಗಳು. ಅವರ ಮಣಿಕಟ್ಟಿನ ಮೂಳೆ ಮುರಿಯಿತು.

ಕಟ್ಟು ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಹುಡುಗನು ಬಾಗಿಲ ಬಳಿ ನಿಂತು, “ಅಪ್ಪಾ, ಎಣ್ಣೆ ಹಚ್ಚಿದವನು ನಾನೇ. ನಿನ್ನೆಯೇ ಗೊತ್ತಾಗಿತ್ತು” ಎಂದನು. ತಂದೆಯು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಅಂದು ನೆಂಟರ ಎದುರಿಗೆ ಆ ಗುಂಡುಗಳನ್ನು ತೋರಿಸಬಾರದಾಗಿತ್ತು, ಮಗು” ಎಂದರಂತೆ. ಈ ಮಾತನ್ನು ಅವರೇ ನನಗೆ ಹೇಳಿದರು.

ರಿಮ್ಮಿಗೆ ಎಣ್ಣೆ ತಗುಲಿದರೆ ಸಾಬೂನಿನ ನೀರಿನಿಂದ ತೊಳೆದು ಒಣಬಟ್ಟೆಯಿಂದ ಒರಸಬೇಕು. ಬ್ರೇಕಿನ ರಬ್ಬರನ್ನು ಉಪ್ಪುಕಾಗದದಿಂದ ಉಜ್ಜಬೇಕು. ಅದು ಎಣ್ಣೆ ಕುಡಿದಿದ್ದರೆ ಹೊಸದನ್ನೇ ಹಾಕಿಸಬೇಕು. ಎಣ್ಣೆಯು ಚೈನಿಗೂ, ಎಣ್ಣೆಗೆಂದೇ ಬಿಟ್ಟಿರುವ ರಂಧ್ರಗಳಿಗೂ, ಕೆಲವೇ ಹನಿಗಳು. ಇದು ಸುಲಭವಾದ ಚಿಕಿತ್ಸೆ. ಕಷ್ಟವಾದ ಚಿಕಿತ್ಸೆ ಮನೆಯ ಹಿರಿಯರಿಗೆ ಸಂಬಂಧಪಟ್ಟದ್ದು.

ಶಾಲೆಯಲ್ಲಿ ಬಹುಕಾಲ ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳಬಹುದು. ತಪ್ಪು ಲೆಕ್ಕಕ್ಕೆ ಇಡೀ ತರಗತಿಯು ನಕ್ಕರೆ, ಆ ಹುಡುಗನು ಮರುದಿನ ಸರಿಯಾದ ಲೆಕ್ಕವನ್ನು ತರುವುದಿಲ್ಲ. ಸ್ಲೇಟನ್ನು ಅಂಗಿಯಿಂದ ಒರಸಿಕೊಂಡು ಬರುತ್ತಾನೆ. ಸ್ಲೇಟಿನ ತಪ್ಪಿನಿಂದ ಯಾರ ಮೂಳೆಯೂ ಮುರಿಯುವುದಿಲ್ಲ. ಬೈಸಿಕಲ್ಲಾದರೋ ಒಬ್ಬನು ಬಿಗಿದು ಮತ್ತೊಬ್ಬನು ಹತ್ತುವ ವಾಹನ. ಅಣ್ಣನ ಸಡಿಲ ನಟ್ಟಿನ ಮೇಲೆ ತಂಗಿಯು ಶಾಲೆಗೆ ಹೋಗುತ್ತಾಳೆ. ಆದುದರಿಂದ ಮನೆಯಲ್ಲಿ ಎರಡು ನಿಯಮಗಳಿರಲಿ. ರಿಪೇರಿ ಮಾಡಿದವನೇ ಮೊದಲು, ಸಮತಟ್ಟಾದ ಜಾಗದಲ್ಲಿ, ಮೆಲ್ಲಗೆ ಓಡಿಸಿ, ಎರಡು ಬ್ರೇಕುಗಳನ್ನೂ ಹ್ಯಾಂಡಲನ್ನೂ ಚಕ್ರದ ನಟ್ಟುಗಳನ್ನೂ ಪರೀಕ್ಷಿಸತಕ್ಕದ್ದು. ಏನನ್ನು ಮುಟ್ಟಿದೆನೆಂಬುದನ್ನು ಮುಂದೆ ಹತ್ತುವವರಿಗೆ ಹೇಳತಕ್ಕದ್ದು. ಹೀಗೆ ಹೇಳಲು ಬಂದ ಮಗುವಿನೊಡನೆ ಹಿರಿಯರು ಕುಳಿತು, ತಪ್ಪನ್ನು ಸರಿಪಡಿಸಿ, ಆ ಮಾತನ್ನು ನೆಂಟರ ಮುಂದೆ ಎತ್ತದಿರುವುದು ಅವರ ಕರ್ತವ್ಯ.

ಗಾಳಿ ತುಂಬಿದ ಟಯರಿಗೆ ೧೮೮೮ರಲ್ಲಿ ಪೇಟೆಂಟು ಪಡೆದ ಡನ್‌ಲಪ್ ಪಶುವೈದ್ಯನಾಗಿದ್ದನು. ಅದೇ ಉಪಾಯಕ್ಕೆ ತಾಮ್‌ಸನ್ ಎಂಬಾತನು ನಾಲ್ಕು ದಶಕಗಳ ಹಿಂದೆಯೇ ಪೇಟೆಂಟು ಪಡೆದಿದ್ದನೆಂಬುದು ಬಳಿಕ ಹೊರಬಿದ್ದು, ಡನ್‌ಲಪ್ಪನ ಹಕ್ಕು ನಿಲ್ಲದೆಹೋಯಿತು. ಊರೆಲ್ಲಕ್ಕೂ ತಿಳಿದ ಆ ಮುಖಭಂಗದಿಂದ ಟಯರಿನೊಳಗಿನ ಗಾಳಿಯೇನೂ ಇಳಿಯಲಿಲ್ಲ. ಇಂದಿಗೂ ಲೋಕವು ಅದರ ಮೇಲೆಯೇ ಓಡುತ್ತಿದೆ. ಮಗನು ಉಳಿದ ಗುಂಡುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಬಂದರೆ ವಾಚಕರು ಅದನ್ನು ಶುಭಶಕುನವೆಂದೇ ತಿಳಿಯಲಿ. ಅವು ಅವನ ಜೇಬಿನಲ್ಲಿಲ್ಲವಷ್ಟೆ.