ಕಡಲಿನ ಡಾಲ್ಫಿನ್ನುಗಳ ಗಣನೆ

ದೇಶದ ನದಿಗಳಲ್ಲಿ ಸುಮಾರು 6,327 ಡಾಲ್ಫಿನ್ನುಗಳಿವೆಯೆಂದು ಕೇಂದ್ರ ಸರಕಾರವು 2025ರಲ್ಲಿ ಪ್ರಕಟಿಸಿದುದು ಸಂತೋಷದ ಸಂಗತಿಯೇ ಸರಿ. ಆದರೆ ಕಾರವಾರದಲ್ಲಿ ಕಾಳೀನದಿಯು ಕಡಲನ್ನು ಸೇರುವೆಡೆ ಸಂಚರಿಸುವ ಗೂನುಬೆನ್ನಿನ ಡಾಲ್ಫಿನ್ನುಗಳ ಗತಿಯೇನು? ಈ ಜಾತಿಯು ಜಗತ್ತಿನಲ್ಲಿಯೇ ಅಳಿವಿನಂಚಿನಲ್ಲಿರುವುದು. ಬೆನ್ನಿನ ರೆಕ್ಕೆಯ ಕಚ್ಚುಕಲೆಗಳ ಛಾಯಾಚಿತ್ರಗಳಿಂದ ಒಂದೊಂದನ್ನೂ ಗುರುತಿಸಬಹುದು. ಆದರೆ ಆ ಕಾರ್ಯವು ವರ್ಷಂಪ್ರತಿ ನಡೆಯದಿದ್ದರೆ ಸಂಖ್ಯೆಯ ಏರಿಳಿತವು ತಿಳಿಯದು. 1972ರ ವನ್ಯಜೀವಿ ಕಾಯಿದೆಯು ಇವನ್ನು ಕೊಲ್ಲುವುದನ್ನು ನಿಷೇಧಿಸಿದೆ. ಆದರೂ ಅರಿಯದೆ ಬಲೆಗೆ ಸಿಕ್ಕು ಸಾಯುವುದು ತಪ್ಪಿಲ್ಲ. ಅಂತಹ ಸುದ್ದಿಯನ್ನು ತರುವ ಮೀನುಗಾರನನ್ನು ಅಪರಾಧಿಯೆಂದು ಕಾಣದೆ, ಹರಿದ ಬಲೆಗೆ ಪರಿಹಾರವಿತ್ತು, ಗಣನೆಯಲ್ಲಿ ಸಹಾಯಕನನ್ನಾಗಿ ಮಾಡಿಕೊಳ್ಳಬೇಕು. ರಾಜಾಜಿನಗರ, ವಿಜಯನಗರಗಳ ನಾಗರಿಕರಿಗೆ ಕಡಲು ದೂರವೆನಿಸಬಹುದು. ಆದರೆ ನಾಡಿನ ಬೊಕ್ಕಸದ ನಿರ್ಣಯಗಳಾಗುವುದು ಅವರ ನಗರದಲ್ಲಿಯೇ. ಈ ಗಣನೆಗೆ ಪ್ರತಿವರ್ಷವೂ ಹಣವನ್ನು ಮೀಸಲಿಡಬೇಕೆಂದು ನಾವು ಸರಕಾರವನ್ನು ಒತ್ತಾಯಪಡಿಸುತ್ತೇವೆ.