ನಾಮಫಲಕವಿಲ್ಲದ ಕೆಲಸ

ಸಮುದಾಯ ಆರೋಗ್ಯ ಕೇಂದ್ರವೆಂದರೆ 30 ಹಾಸಿಗೆಗಳಷ್ಟೇ ಅಲ್ಲ. ಶಸ್ತ್ರಚಿಕಿತ್ಸಕರು, ಪ್ರಸೂತಿ ಮತ್ತು ಮಕ್ಕಳ ತಜ್ಞರೂ ಅಲ್ಲಿರಬೇಕೆಂಬುದು ಸರಕಾರದ್ದೇ ಮಾನದಂಡ. ನಂಜುಂಡಪ್ಪ ಸಮಿತಿಯು 2002ರಲ್ಲೇ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿಗೆ ಸೇರಿಸಿತ್ತು. 371(ಜೆ) ವಿಧಿಯ ಬಳಿಕ 2013ರಲ್ಲಿ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ ಬಂತು. ಆದರೆ ಅನುದಾನದ ಹಂಚಿಕೆಯಲ್ಲಿ ಜನಪ್ರತಿನಿಧಿಗಳ ಶಿಫಾರಸಿಗೇ ತೂಕ ಹೆಚ್ಚು. ಆ ಶಿಫಾರಸು ಒಲಿಯುವುದು ಶಿಲಾನ್ಯಾಸಕ್ಕೆ ಒದಗುವ ಕಟ್ಟಡಗಳಿಗೆ. ತಜ್ಞರ ಹುದ್ದೆಗೆ ನಾಮಫಲಕ ತೂಗುಹಾಕಲಾಗದು. ಹೀಗಾಗಿ ಮಾನ್ವಿಯ ಹಳ್ಳಿಯ ಗರ್ಭಿಣಿ ಕಷ್ಟದ ಹೆರಿಗೆಗೆ ರಾಯಚೂರಿನ ದಾರಿ ಹಿಡಿಯಬೇಕಾಗುತ್ತದೆ. ಆ ನೋವಿಗೆ ಪಕ್ಷವಿಲ್ಲ, ಧರ್ಮವಿಲ್ಲ. ಪ್ರತಿ ಕೇಂದ್ರಕ್ಕೆ ಬಂದ ಹಣ, ಖಾಲಿಯಿರುವ ಹುದ್ದೆಗಳ ವಿವರ ಆಸ್ಪತ್ರೆಯ ಗೋಡೆಯ ಮೇಲೆಯೇ ಪ್ರಕಟವಾಗಲಿ. ಮತ ಕೇಳಲು ಬಂದವರನ್ನು ನಾವು ಮೊದಲು ಆ ಗೋಡೆಯ ಮುಂದೆ ನಿಲ್ಲಿಸೋಣ.